ಉಸಿರಿನ ಎಚ್ಚರಿಕೆ ಗಂಟೆ: ಒಬ್ಬ ಈಜುಗಾರ್ತಿಯ ವೃತ್ತಿಬದುಕು ನಮ್ಮ ಮನೆಯ ಮಕ್ಕಳಿಗೆ ಹೇಳುವ ಪಾಠ

2022ರ ಜೂನ್ 22. ಹಂಗೆರಿಯ ಬುಡಾಪೆಸ್ಟ್‌ನಲ್ಲಿ ವಿಶ್ವ ಈಜು ಚಾಂಪಿಯನ್‌ಷಿಪ್ ನಡೆಯುತ್ತಿತ್ತು. ಅಮೆರಿಕದ ಅನಿತಾ ಅಲ್ವಾರೆಜ್ ಏಕವ್ಯಕ್ತಿ ವಿಭಾಗದ ಫೈನಲ್‌ನಲ್ಲಿ ತಮ್ಮ ಪ್ರದರ್ಶನವನ್ನು ಕೊನೆಯವರೆಗೂ ಮಾಡಿ ಮುಗಿಸಿದರು. ಸಂಗೀತ ನಿಂತಿತು. ಆದರೆ ಅವರು ಮೇಲೆ ಬರಲಿಲ್ಲ. ಸದ್ದಿಲ್ಲದೆ ಕೊಳದ ತಳಕ್ಕೆ ಇಳಿದುಹೋದರು.

ದಂಡೆಯಲ್ಲಿದ್ದ ಕೋಚ್ ಆಂಡ್ರಿಯಾ ಫುಯೆಂಟೆಸ್ ತೊಟ್ಟಿದ್ದ ಟೀ ಶರ್ಟ್, ಚಡ್ಡಿಯಲ್ಲೇ ನೀರಿಗೆ ಹಾರಿದರು. ತಳ ಮುಟ್ಟಿ, ಪ್ರಜ್ಞೆ ಇಲ್ಲದ ಅಲ್ವಾರೆಜ್ ಅವರನ್ನು ಹಿಡಿದು ಮೇಲೆ ತಂದರು. ನೀರಿನೊಳಗಿನ ಕ್ಯಾಮೆರಾ ತೆಗೆದ ಆ ಚಿತ್ರಗಳನ್ನು ನೀವೂ ಪತ್ರಿಕೆಯಲ್ಲೋ ಮೊಬೈಲ್‌ನಲ್ಲೋ ನೋಡಿರಬಹುದು.

ಆ ದಿನ ಅಲ್ವಾರೆಜ್ ಅವರಿಗೆ ವಯಸ್ಸು 25. ಎರಡು ಒಲಿಂಪಿಕ್ಸ್ ಆಡಿ ಬಂದವರು. ಆ ಫೈನಲ್‌ನಲ್ಲಿ ಏಳನೇ ಸ್ಥಾನ ಪಡೆದವರು. ನೀರಿನಲ್ಲೇ ಬೆಳೆದ ಇಂಥವರು ಮುಳುಗುವುದು ಹೇಗೆ? ಈ ಪ್ರಶ್ನೆಯ ಉತ್ತರ ಅವರೊಬ್ಬರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಸೊಸೈಟಿಯ ಈಜುಕೊಳದಲ್ಲಿ "ಯಾರು ಹೆಚ್ಚು ಹೊತ್ತು ಉಸಿರು ಹಿಡೀತಾರೆ ನೋಡೋಣ" ಎಂದು ಪಂದ್ಯ ಕಟ್ಟುವ ನಿಮ್ಮ ಮನೆಯ ಹುಡುಗ ಹುಡುಗಿಯರಿಗೂ ಅದು ಬೇಕು. ಹಾಗಾಗಿ ಈ ಬಾರಿ ಆ ಕ್ರೀಡೆಯನ್ನೂ ಅವರ ವೃತ್ತಿಬದುಕನ್ನೂ ಸ್ವಲ್ಪ ವಿವರವಾಗಿ ನೋಡೋಣ.

ಇದು ಎಂಥ ಕ್ರೀಡೆ?

ನಮ್ಮಲ್ಲಿ ಹೆಚ್ಚಿನವರು ಇದನ್ನು ಸಿಂಕ್ರೊನೈಸ್ಡ್ ಸ್ವಿಮ್ಮಿಂಗ್ ಎಂದೇ ಕೇಳಿದ್ದೇವೆ. 2017ರಲ್ಲಿ ಅಂತರರಾಷ್ಟ್ರೀಯ ಈಜು ಸಂಸ್ಥೆ ಇದರ ಹೆಸರನ್ನು ಆರ್ಟಿಸ್ಟಿಕ್ ಸ್ವಿಮ್ಮಿಂಗ್, ಅಂದರೆ ಕಲಾತ್ಮಕ ಈಜು ಎಂದು ಬದಲಿಸಿತು. ಸಂಗೀತಕ್ಕೆ ತಕ್ಕಂತೆ ನೀರಿನಲ್ಲಿ ಒಬ್ಬರೋ ಇಬ್ಬರೋ ಎಂಟು ಜನರ ತಂಡವೋ ಒಂದೇ ತಾಳದಲ್ಲಿ ಚಲಿಸಬೇಕು. ತಲೆಕೆಳಗಾಗಿ ಕಾಲನ್ನು ಮೇಲೆತ್ತಬೇಕು, ತಿರುಗಬೇಕು, ಸಂಗಾತಿಯನ್ನು ಗಾಳಿಗೆ ಎಸೆಯಬೇಕು.

1920ರ ದಶಕದಲ್ಲಿ ಅಮೆರಿಕದ ಕ್ಯಾಥರೀನ್ ಕರ್ಟಿಸ್ ಎಂಬ ಶಿಕ್ಷಕಿ ಸಂಗೀತದೊಂದಿಗೆ ಈಜುವ ಪ್ರಯೋಗ ಮಾಡಿದರು. 1934ರ ಷಿಕಾಗೊ ಮೇಳದಲ್ಲಿ ಅವರ ವಿದ್ಯಾರ್ಥಿನಿಯರ ಪ್ರದರ್ಶನ ಜನಪ್ರಿಯವಾಯಿತು. ಒಲಿಂಪಿಕ್ಸ್‌ಗೆ ಬಂದದ್ದು ಬಹಳ ತಡವಾಗಿ, 1984ರ ಲಾಸ್ ಏಂಜಲೀಸ್‌ನಲ್ಲಿ. ಭಾರತದ ನೆಲದಲ್ಲಿಯೂ ಈ ಕ್ರೀಡೆ ನಡೆದಿದೆ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಇದೂ ಒಂದು ಸ್ಪರ್ಧೆಯಾಗಿತ್ತು. ದೆಹಲಿಯ ಓದುಗರಲ್ಲಿ ಕೆಲವರು ಕಣ್ಣಾರೆ ನೋಡಿರಲೂಬಹುದು.

ನೋಡುವವರಿಗೆ ನಗುಮುಖ, ಹೊಳೆಯುವ ಈಜುಡುಗೆ ಕಾಣುತ್ತವೆ. ಹಿಂದಿನ ಶ್ರಮ ಕಾಣುವುದಿಲ್ಲ. ಕೆಲವು ನಿಯಮಗಳನ್ನು ಹೇಳಿದರೆ ಅಂದಾಜು ಸಿಗುತ್ತದೆ.

ಮೊದಲನೆಯದು, ಕೊಳದ ತಳವನ್ನು ಮುಟ್ಟಿ ಒತ್ತು ಪಡೆಯುವಂತಿಲ್ಲ. ತಂಡದ ಒಬ್ಬಳು ಗಾಳಿಗೆ ಹಾರಿದರೆ, ಅವಳನ್ನು ಎತ್ತಿದವರ ಕಾಲ ಕೆಳಗೆ ನೆಲವಿಲ್ಲ, ಬರೀ ನೀರು. ಆ ಬಲ ಬರುವುದು ಕಾಲುಗಳನ್ನು ಮೊಟ್ಟೆ ಕಡೆಯುವ ಸಾಧನದಂತೆ ಎಡಕ್ಕೊಂದು ಬಲಕ್ಕೊಂದು ಸುತ್ತಿಸುವುದರಿಂದ. ಇದಕ್ಕೆ ಎಗ್‌ಬೀಟರ್ ಎಂದೇ ಹೆಸರು. ಎರಡನೆಯದು, ಪ್ರದರ್ಶನದ ವೇಳೆ ಈಜು ಕನ್ನಡಕ ಹಾಕುವಂತಿಲ್ಲ. ಸಂಗೀತ ಕೇಳಲು ನೀರಿನೊಳಗೆ ಸ್ಪೀಕರ್ ಇರುತ್ತದೆ. ತಲೆಕೆಳಗಾದಾಗ ಮೂಗಿಗೆ ನೀರು ನುಗ್ಗದಂತೆ ಒಂದು ಚಿಕ್ಕ ಕ್ಲಿಪ್. ಕೂದಲು ಬಿಚ್ಚಿಕೊಳ್ಳದಂತೆ ಬಿಸಿನೀರಿನಲ್ಲಿ ಕರಗಿಸಿದ ಜೆಲಾಟಿನ್ ಲೇಪ. ಹೌದು, ಜೆಲ್ಲಿ ಮಾಡಲು ಬಳಸುವ, ಕ್ಯಾಪ್ಸೂಲಿನ ಕವಚಕ್ಕೆ ಬಳಸುವ ಅದೇ ಜೆಲಾಟಿನ್. ಕೊಳದ ನೀರಿಗೆ ಅದು ಕರಗುವುದಿಲ್ಲ. ಮನೆಗೆ ಬಂದು ಬಿಸಿನೀರು ಸುರಿದರೆ ಹೋಗುತ್ತದೆ.

ಮೂರನೆಯದು ನಮ್ಮ ವಿಷಯಕ್ಕೆ ಮುಖ್ಯ. ಒಂದು ಪ್ರದರ್ಶನ ಸುಮಾರು ಎರಡರಿಂದ ಮೂರೂವರೆ ನಿಮಿಷ. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೊತ್ತು ತಲೆ ನೀರಿನೊಳಗೇ ಇರಬಹುದು. ಆ ಹೊತ್ತಿನಲ್ಲಿ ಅವರು ಸುಮ್ಮನೆ ತೇಲುತ್ತಿರುವುದಿಲ್ಲ. ಪೂರ್ತಿ ವೇಗದಲ್ಲಿ ಓಡುವಷ್ಟು ಶ್ರಮ ಪಡುತ್ತಿರುತ್ತಾರೆ. ಮೂಗು ಬಾಯಿ ಮುಚ್ಚಿಕೊಂಡು 400 ಮೀಟರ್ ಓಟದ ಒಂದೊಂದು ತುಂಡನ್ನು ಓಡಿದಂತೆ ಎಂದು ಊಹಿಸಿಕೊಳ್ಳಿ.

ಅಲ್ವಾರೆಜ್ ಹಾದಿ

ಅನಿತಾ ಅಲ್ವಾರೆಜ್ 1996ರ ಡಿಸೆಂಬರ್‌ನಲ್ಲಿ ಹುಟ್ಟಿದವರು. ನ್ಯೂಯಾರ್ಕ್ ರಾಜ್ಯದ ಬಫಲೊ ನಗರದ ಬಳಿಯವರು. ತಾಯಿಯೂ ಇದೇ ಕ್ರೀಡೆಯಲ್ಲಿದ್ದವರು. ಈ ಕ್ರೀಡೆಯಲ್ಲಿ ಮೇಲೆ ಬಂದವರ ಹಾದಿ ಸಾಮಾನ್ಯವಾಗಿ ಹೀಗಿರುತ್ತದೆ: ಚಿಕ್ಕ ವಯಸ್ಸಿನಲ್ಲಿ ಸ್ಥಳೀಯ ಕ್ಲಬ್, ನಂತರ ವಯೋಮಾನದ ಸ್ಪರ್ಧೆಗಳು, ಕಿರಿಯರ ತಂಡ, ಹದಿಹರೆಯದಲ್ಲೇ ಮನೆ ಬಿಟ್ಟು ರಾಷ್ಟ್ರೀಯ ತಂಡದ ಶಿಬಿರ. ಅಲ್ಲಿ ವಾರಕ್ಕೆ ಆರು ದಿನ, ದಿನಕ್ಕೆ ಎಂಟು ಗಂಟೆಯವರೆಗೂ ಅಭ್ಯಾಸ. ಅದರಲ್ಲಿ ಹೆಚ್ಚಿನದು ನೀರಿನಲ್ಲಿ, ಉಳಿದದ್ದು ಜಿಮ್‌ನಲ್ಲಿ, ನೃತ್ಯದಲ್ಲಿ, ನೆಲದ ಮೇಲೆ ಕೈ ಸನ್ನೆಯಲ್ಲೇ ಇಡೀ ಪ್ರದರ್ಶನವನ್ನು ಎಣಿಸಿಕೊಳ್ಳುವುದರಲ್ಲಿ.

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅಲ್ವಾರೆಜ್ ಅವರು ಮಾರಿಯಾ ಕೊರೊಲೆವಾ ಜೊತೆ ಜೋಡಿ ವಿಭಾಗದಲ್ಲಿ ಒಂಬತ್ತನೇ ಸ್ಥಾನ ಪಡೆದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಲಿಂಡಿ ಶ್ರೋಡರ್ ಜೊತೆ ಹೋದರು. ಎರಡೂ ಬಾರಿ ಜೋಡಿ ಮಾತ್ರ. ಏಕೆಂದರೆ 2008ರ ನಂತರ ಅಮೆರಿಕದ ಎಂಟು ಜನರ ತಂಡ ಒಲಿಂಪಿಕ್ಸ್‌ಗೆ ಅರ್ಹತೆಯನ್ನೇ ಗಳಿಸಿರಲಿಲ್ಲ. ಒಂದು ಕಾಲಕ್ಕೆ ಈ ಕ್ರೀಡೆಯನ್ನು ಆಳಿದ ದೇಶ ಹಿಂದೆ ಬಿದ್ದಿತ್ತು. ಅದನ್ನು ಮೇಲೆತ್ತಲು 2018ರಲ್ಲಿ ಬಂದ ಕೋಚ್ ಆಂಡ್ರಿಯಾ ಫುಯೆಂಟೆಸ್. ಸ್ಪೇನ್ ಪರವಾಗಿ ನಾಲ್ಕು ಒಲಿಂಪಿಕ್ ಪದಕ ಗೆದ್ದವರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ಬುಡಾಪೆಸ್ಟ್ ಘಟನೆ ಮೊದಲನೆಯದಲ್ಲ. 2021ರ ಜೂನ್‌ನಲ್ಲಿ ಬಾರ್ಸಿಲೋನಾದಲ್ಲಿ ಟೋಕಿಯೊ ಅರ್ಹತಾ ಸ್ಪರ್ಧೆ ನಡೆದಾಗಲೂ ಅಲ್ವಾರೆಜ್ ನೀರಿನಲ್ಲೇ ಪ್ರಜ್ಞೆ ತಪ್ಪಿದ್ದರು. ಆಗಲೂ ನೀರಿಗೆ ಹಾರಿದ್ದು ಫುಯೆಂಟೆಸ್. ಶ್ರೋಡರ್ ಕೈಜೋಡಿಸಿದ್ದರು. ಒಮ್ಮೆ ನೋಡಿದ್ದ ಕೋಚ್‌ಗೆ, ಎರಡನೇ ಸಲ ಅಲ್ವಾರೆಜ್ ಮೇಲೆ ಬರಬೇಕಾದ ಗಳಿಗೆಯಲ್ಲಿ ಕೆಳಕ್ಕೆ ಹೋಗುತ್ತಿದ್ದಾರೆ ಎಂಬುದು ಕ್ಷಣದಲ್ಲೇ ಹೊಳೆದದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಬುಡಾಪೆಸ್ಟ್ ಬಗ್ಗೆ ಆಮೇಲೆ ಕೊಟ್ಟ ಸಂದರ್ಶನಗಳಲ್ಲಿ ಅಲ್ವಾರೆಜ್ ಹೇಳಿದ್ದು ಆರೋಗ್ಯದ ದೃಷ್ಟಿಯಿಂದ ಬಹಳ ಮುಖ್ಯ. ಆ ದಿನದ ಪ್ರದರ್ಶನ ಅವರಿಗೆ ಚೆನ್ನಾಗಿಯೇ ಅನ್ನಿಸಿತ್ತು, ಖುಷಿಯಿಂದಲೇ ಮಾಡಿದ್ದರು. ಕೊನೆಯ ಚಲನೆಯವರೆಗೆ ನೆನಪಿದೆ. ಆಮೇಲಿನದು ನೆನಪಿಲ್ಲ. ಅಂದರೆ "ಇನ್ನು ಆಗುವುದಿಲ್ಲ, ನಿಲ್ಲಿಸು" ಎಂದು ದೇಹ ಕೂಗಿ ಹೇಳಿದ್ದು ಅವರಿಗೆ ಕೇಳಿಸಲೇ ಇಲ್ಲ. ಯಾಕೆ?

ಉಸಿರಿಗಾಗಿ ಒದ್ದಾಟ ಯಾವುದರಿಂದ ಬರುತ್ತದೆ?

ಉಸಿರು ಬಿಗಿಹಿಡಿದು ನೋಡಿ. ಕುಳಿತಲ್ಲೇ, ನೆಲದ ಮೇಲೆ. ಅರ್ಧ ನಿಮಿಷ ದಾಟುತ್ತಿದ್ದಂತೆ ಎದೆಯಲ್ಲಿ ಒತ್ತಡ ಶುರುವಾಗುತ್ತದೆ, ಗಂಟಲು ಬಿಗಿಯುತ್ತದೆ. "ಆಕ್ಸಿಜನ್ ಖಾಲಿಯಾಯಿತು" ಎಂದು ನಮಗೆ ಅನ್ನಿಸುತ್ತದೆ. ಆದರೆ ನಿಜ ಬೇರೆ. ಆ ಒದ್ದಾಟ ಶುರುವಾಗುವುದು ಮುಖ್ಯವಾಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಾದದ್ದರಿಂದ. ಅದು ಹೆಚ್ಚಾದಾಗ ರಕ್ತ ಮತ್ತು ಮಿದುಳಿನ ಸುತ್ತಲಿನ ದ್ರವ ಸ್ವಲ್ಪ ಆಮ್ಲೀಯವಾಗುತ್ತವೆ. ಮಿದುಳಿನ ಕಾಂಡದಲ್ಲಿರುವ ಕೋಶಗಳು ಅದನ್ನು ಪತ್ತೆಹಚ್ಚಿ ಗಂಟೆ ಬಾರಿಸುತ್ತವೆ. ಆ ಹೊತ್ತಿಗೆ ಆಕ್ಸಿಜನ್ ಇನ್ನೂ ಸಾಕಷ್ಟಿರುತ್ತದೆ.

ಕೊರೊನಾ ಕಾಲವನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 80 ತೋರಿಸುತ್ತಿದ್ದರೂ ಕೆಲವರು ಆರಾಮಾಗಿ ಕುಳಿತು ಫೋನಿನಲ್ಲಿ ಮಾತನಾಡುತ್ತಿದ್ದರು. "ನನಗೇನೂ ಆಗಿಲ್ಲ" ಎನ್ನುತ್ತಿದ್ದರು. ಅವರಲ್ಲಿ ಆಕ್ಸಿಜನ್ ಇಳಿದಿತ್ತು. ಆದರೆ ಕಾರ್ಬನ್ ಡೈಆಕ್ಸೈಡ್ ಹೆಚ್ಚಾಗಿರಲಿಲ್ಲ. ಅದು ಹೆಚ್ಚಾಗದೆ ಹೋದರೆ ನಮಗೆ ಉಸಿರುಕಟ್ಟಿದಂತೆ ಅಷ್ಟಾಗಿ ಅನ್ನಿಸುವುದಿಲ್ಲ. ಆಕ್ಸಿಜನ್ ಕಡಿಮೆಯಾದದ್ದನ್ನು ಗುರುತಿಸುವ ವ್ಯವಸ್ಥೆ ದೇಹದಲ್ಲಿ ಇಲ್ಲವೆಂದಲ್ಲ, ಕುತ್ತಿಗೆಯ ರಕ್ತನಾಳದ ಬಳಿ ಇದೆ. ಆದರೆ ಅದು ತಡವಾಗಿ, ಮೆಲ್ಲಗೆ ಎಚ್ಚರಿಸುತ್ತದೆ.

ಈಗ ಈಜುಕೊಳಕ್ಕೆ ಬನ್ನಿ. ಹೆಚ್ಚು ಹೊತ್ತು ಮುಳುಗಿರಬೇಕೆಂದು ಮಕ್ಕಳು ಏನು ಮಾಡುತ್ತಾರೆ? ನೀರಿಗಿಳಿಯುವ ಮೊದಲು ಹತ್ತಿಪ್ಪತ್ತು ಸಲ ಜೋರಾಗಿ, ಬೇಗ ಬೇಗ ಉಸಿರಾಡುತ್ತಾರೆ. "ಆಕ್ಸಿಜನ್ ತುಂಬಿಸಿಕೊಳ್ತಿದ್ದೀನಿ" ಎನ್ನುತ್ತಾರೆ. ಅದು ತಪ್ಪು ತಿಳಿವಳಿಕೆ. ಆರೋಗ್ಯವಂತರ ರಕ್ತದಲ್ಲಿ ಆಕ್ಸಿಜನ್ ಮಟ್ಟ ಮೊದಲೇ 97, 98 ಇರುತ್ತದೆ. ತುಂಬಿದ ಕೊಡಕ್ಕೆ ಇನ್ನೆಷ್ಟು ಸುರಿದರೂ ಹೊರಗೆ ಚೆಲ್ಲುತ್ತದೆ ಅಷ್ಟೆ. ಹೀಗೆ ಉಸಿರಾಡಿದಾಗ ನಿಜವಾಗಿ ಬದಲಾಗುವುದು ಕಾರ್ಬನ್ ಡೈಆಕ್ಸೈಡ್. ಅದು ತುಂಬಾ ಇಳಿದುಹೋಗುತ್ತದೆ. ಅಂದರೆ ಮಗು ಎಚ್ಚರಿಕೆ ಗಂಟೆಯ ಹಗ್ಗವನ್ನೇ ಕತ್ತರಿಸಿಕೊಂಡು ನೀರಿಗಿಳಿದಂತಾಯಿತು.

ಆಮೇಲೆ ನಡೆಯುವುದು ಹೀಗೆ. ಸ್ನಾಯುಗಳು ಆಕ್ಸಿಜನ್ ಬಳಸುತ್ತಾ ಹೋಗುತ್ತವೆ. ಕಾರ್ಬನ್ ಡೈಆಕ್ಸೈಡ್ ನಿಧಾನವಾಗಿ ಏರುತ್ತದೆ, ಆದರೆ ಒದ್ದಾಟ ತರುವ ಮಟ್ಟಕ್ಕೆ ಬರುವ ಮೊದಲೇ ಮಿದುಳಿಗೆ ಬೇಕಾದ ಆಕ್ಸಿಜನ್ ಮುಗಿಯುತ್ತದೆ. ಪ್ರಜ್ಞೆ ತಪ್ಪುತ್ತದೆ. ಕೂಗಿಲ್ಲ, ಕೈ ಬಡಿತವಿಲ್ಲ. ದಂಡೆಯಿಂದ ನೋಡುವವರಿಗೆ "ಇನ್ನೂ ಉಸಿರು ಹಿಡಿದಿದ್ದಾನೆ" ಎಂದೇ ಕಾಣುತ್ತದೆ. ಇದಕ್ಕೆ ವೈದ್ಯಕೀಯದಲ್ಲಿ ಶಾಲೋ ವಾಟರ್ ಬ್ಲ್ಯಾಕ್‌ಔಟ್ ಎನ್ನುತ್ತಾರೆ. ಹೆಸರೇ ಹೇಳುವಂತೆ, ಸೊಂಟದ ಮಟ್ಟದ ನೀರಿನಲ್ಲೂ ಇದು ಆಗಬಲ್ಲದು. ಇನ್ನೊಂದು ವಿಚಾರ: ಇದು ಹೆಚ್ಚಾಗಿ ಕಾಡುವುದು ಈಜು ಬಾರದವರನ್ನಲ್ಲ, ಚೆನ್ನಾಗಿ ಬರುವವರನ್ನು. ಈಜು ಬಾರದವರು ಅಷ್ಟು ಹೊತ್ತು ಮುಳುಗಿರುವ ಸಾಹಸಕ್ಕೇ ಹೋಗುವುದಿಲ್ಲ.

ಅಭ್ಯಾಸ ಮಾಡಿದರೆ ಏನು ಬದಲಾಗುತ್ತದೆ?

ಅಲ್ವಾರೆಜ್ ಅವರಂಥವರು ಮಕ್ಕಳಂತೆ ಪಂದ್ಯ ಕಟ್ಟುವುದಿಲ್ಲ ನಿಜ. ಆದರೆ ವರ್ಷಗಟ್ಟಲೆ ಉಸಿರು ಹಿಡಿದು ಅಭ್ಯಾಸ ಮಾಡಿದವರಲ್ಲಿ ಎರಡು ಬದಲಾವಣೆ ಕಾಣುತ್ತದೆ. ಒಂದು, ಮುಖ ನೀರಿಗೆ ತಾಗಿದೊಡನೆ ಹೃದಯ ಬಡಿತ ನಿಧಾನವಾಗುವುದು, ಕೈಕಾಲಿನ ರಕ್ತನಾಳಗಳು ಸಂಕುಚಿತವಾಗಿ ಮಿದುಳು, ಹೃದಯಕ್ಕೆ ರಕ್ತ ಉಳಿಸುವುದು. ಇದು ನಮ್ಮೆಲ್ಲರಲ್ಲೂ ಇರುವ ಗುಣ, ತಿಮಿಂಗಿಲ, ಸೀಲ್‌ಗಳಲ್ಲಿ ಬಹಳ ಹೆಚ್ಚು. ಅಭ್ಯಾಸದಿಂದ ಮನುಷ್ಯರಲ್ಲೂ ಇದು ಬಲವಾಗುತ್ತದೆ. ಎರಡು, ಉಸಿರಿಗಾಗಿ ಆಗುವ ಒದ್ದಾಟವನ್ನು ಸಹಿಸಿಕೊಳ್ಳುವ ಶಕ್ತಿ ಹೆಚ್ಚುತ್ತದೆ. ಗಂಟೆ ಬಾರಿಸಿದರೂ ಅದರ ಸದ್ದು ಮೆಲ್ಲಗೆ ಕೇಳುತ್ತದೆ. ಕೇಳಿದರೂ "ಇನ್ನೊಂದು ಎಣಿಕೆ, ಇನ್ನೊಂದು ಸುತ್ತು" ಎಂದು ಮನಸ್ಸು ಮುಂದೆ ತಳ್ಳುತ್ತದೆ.

ಈ ಕ್ರೀಡೆಯಲ್ಲಿ ಗೆಲ್ಲುವವರನ್ನು ಮಾಡುವುದು ಈ ಸಹನೆಯೇ. ಅಪಾಯಕ್ಕೆ ತಳ್ಳುವುದೂ ಅದೇ. 2023ರಿಂದ ಅಂಕ ನೀಡುವ ಪದ್ಧತಿ ಬದಲಾಗಿದೆ. ಪ್ರತಿ ಚಲನೆಯ ಕಷ್ಟವನ್ನು ಮೊದಲೇ ಬರೆದು ಸಲ್ಲಿಸಬೇಕು. ಅದರಂತೆ ಮಾಡದಿದ್ದರೆ ಆ ಭಾಗದ ಅಂಕ ಪಾತಾಳಕ್ಕೆ ಇಳಿಯುತ್ತದೆ. ಹೀಗಾಗಿ ನೀರಿನೊಳಗೆ ತಲೆಕೆಳಗಾಗಿ ಮಾಡುವ ಕಠಿಣ ಸರಣಿಗಳನ್ನು ನಡುವೆ ಬಿಟ್ಟು ಮೇಲೆ ಬರುವುದು ಇನ್ನೂ ದುಬಾರಿಯಾಗಿದೆ. ಬುಡಾಪೆಸ್ಟ್ ಘಟನೆ ಈ ಬದಲಾವಣೆಗೆ ಮುಂಚಿನದು. ಆದರೆ ಯಾವ ಒತ್ತಡ ಈಜುಗಾರರನ್ನು ನೀರಿನೊಳಗೆ ಹಿಡಿದಿಡುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಉಸಿರಷ್ಟೇ ಅಲ್ಲ, ಈ ವೃತ್ತಿ ದೇಹದಿಂದ ಬೇರೆ ಬೆಲೆಗಳನ್ನೂ ಕೇಳುತ್ತದೆ. ಎಂಟು ಜನ ಒಬ್ಬರಿಗೊಬ್ಬರು ತಾಗುವಷ್ಟು ಹತ್ತಿರ ಇರುವಾಗ ಕಾಲು ತಲೆಗೆ ಬಡಿಯುವುದು, ಎಸೆದವಳು ಸಂಗಾತಿಯ ಮೇಲೆ ಬೀಳುವುದು ಇದ್ದದ್ದೇ. ತಲೆಗೆ ಪೆಟ್ಟಾಗಿ ಮಂಪರು, ವಾಂತಿ, ತಲೆನೋವು ಬಂದರೆ ಆ ದಿನ ನೀರಿಗೆ ಮರಳಬಾರದು ಎಂಬುದು ನಿಯಮ. ಭುಜ, ಮೊಣಕಾಲು, ಸೊಂಟದ ನೋವು ಸಾಮಾನ್ಯ. ತೆಳ್ಳಗೆ ಕಾಣಬೇಕೆಂಬ ಒತ್ತಡದಿಂದ ಊಟ ಕಡಿಮೆ ಮಾಡಿದವರಲ್ಲಿ ಮುಟ್ಟು ನಿಲ್ಲುವುದು, ಮೂಳೆ ದುರ್ಬಲವಾಗುವುದು ಇನ್ನೊಂದು ಸಮಸ್ಯೆ. ನಿಮ್ಮ ಮಗಳು ಈಜು, ನೃತ್ಯ, ಜಿಮ್ನಾಸ್ಟಿಕ್ಸ್ ಯಾವುದರಲ್ಲೇ ಇರಲಿ, ಮೂರು ತಿಂಗಳು ಮುಟ್ಟಾಗದಿದ್ದರೆ "ಆಟ ಆಡ್ತಾಳಲ್ಲ, ಹಾಗೇ" ಎಂದು ಬಿಡಬೇಡಿ. ವೈದ್ಯರಿಗೆ ತೋರಿಸಿ.

ಔಷಧಿ ಡಬ್ಬಿಯಲ್ಲಿರುವ ಪ್ರಶ್ನೆಗಳು

ನಾನು ಔಷಧ ಶಾಸ್ತ್ರ ಓದಿದವಳು. ಹಾಗಾಗಿ ಈ ಭಾಗವನ್ನು ಬಿಟ್ಟು ಮುಂದೆ ಹೋಗಲಾರೆ. ಈಜುವವರ ಮನೆಯಲ್ಲಿ ನೆಗಡಿ, ಕೆಮ್ಮು, ಉಬ್ಬಸದ ಔಷಧಿ ಇದ್ದೇ ಇರುತ್ತದೆ. ಕ್ಲೋರಿನ್ ಬೆರೆತ ಗಾಳಿ ಶ್ವಾಸನಾಳಗಳನ್ನು ಕೆರಳಿಸುವುದರಿಂದ ಸ್ಪರ್ಧಾತ್ಮಕ ಈಜುಗಾರರಲ್ಲಿ ಉಬ್ಬಸ ಹೆಚ್ಚಾಗಿ ಕಾಣುತ್ತದೆ.

ಸ್ಪರ್ಧೆಗೆ ಇಳಿಯುವವರು ಉದ್ದೀಪನ ಮದ್ದಿನ ನಿಯಮ ತಿಳಿದಿರಬೇಕು. ಉಬ್ಬಸಕ್ಕೆ ಸೇದುವ ಸಾಲ್ಬುಟಮಾಲ್ ಇನ್‌ಹೇಲರ್‌ಗೆ ಅನುಮತಿ ಇದೆ, ಆದರೆ ಮಿತಿಯೊಳಗೆ: 24 ಗಂಟೆಯಲ್ಲಿ 1600 ಮೈಕ್ರೊಗ್ರಾಂ, ಯಾವುದೇ 8 ಗಂಟೆಯಲ್ಲಿ 600 ಮೈಕ್ರೊಗ್ರಾಂ ಮೀರಬಾರದು. ನಮ್ಮಲ್ಲಿ ಸಿಗುವ ಸಾಮಾನ್ಯ ಇನ್‌ಹೇಲರ್‌ನ ಒಂದು ಸೇದಿಕೆ 100 ಮೈಕ್ರೊಗ್ರಾಂ, ಅಂದರೆ 8 ಗಂಟೆಯಲ್ಲಿ ಆರು ಸೇದಿಕೆ. ಅದೇ ಸಾಲ್ಬುಟಮಾಲ್ ಮಾತ್ರೆ ಅಥವಾ ಸಿರಪ್ ರೂಪದಲ್ಲಿದ್ದರೆ ನಿಷಿದ್ಧ. ಭಾರತದಲ್ಲಿ ಮಾರುವ ಹಲವು ಕೆಮ್ಮಿನ ಸಿರಪ್‌ಗಳಲ್ಲಿ ಟರ್ಬುಟಲಿನ್ ಇರುತ್ತದೆ. ಅದೂ ನಿಷಿದ್ಧ. ಅಂಗಡಿಯಲ್ಲಿ "ಕೆಮ್ಮಿಗೆ ಏನಾದರೂ ಕೊಡಿ" ಎಂದು ಕೇಳಿ ತಂದ ಒಂದು ಬಾಟಲಿ, ವರ್ಷಗಳ ಶ್ರಮವನ್ನು ಕಳೆದುಬಿಡಬಹುದು. ಮಗು ಸ್ಪರ್ಧೆಗೆ ಹೋಗುತ್ತದೆ ಎಂಬುದನ್ನು ವೈದ್ಯರಿಗೂ ಔಷಧಿ ಅಂಗಡಿಯವರಿಗೂ ಮೊದಲೇ ಹೇಳಿ. ಕಾಯಿಲೆಗೆ ನಿಷಿದ್ಧ ಔಷಧಿಯೇ ಬೇಕಾದರೆ, ಅದಕ್ಕೆ ಮುಂಚಿತವಾಗಿ ವಿನಾಯಿತಿ ಕೇಳುವ ವ್ಯವಸ್ಥೆ ಇದೆ. ಉಬ್ಬಸದ ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಸ್ಪರ್ಧೆಗೆ ಹೋಗದ ನಮ್ಮನಿಮ್ಮಂಥವರಿಗೆ ಸಂಬಂಧಿಸಿದ ವಿಷಯ ಬೇರೆ. ನಮ್ಮ ಮನೆಗಳಲ್ಲಿರುವ ನೆಗಡಿ ಮಾತ್ರೆಗಳಲ್ಲಿ ಕ್ಲೋರ್‌ಫೆನಿರಮಿನ್‌ನಂಥ ಮಂಪರು ತರುವ ಅಂಶ ಇರುವುದು ಸಾಮಾನ್ಯ. ಅದನ್ನು ತೆಗೆದುಕೊಂಡ ದಿನ ವಾಹನ ಓಡಿಸಬೇಡಿ ಎನ್ನುತ್ತೇವೆ. ಈಜಲೂಬೇಡಿ. ಮದ್ಯ ಕುಡಿದು ನೀರಿಗಿಳಿಯುವುದಂತೂ ಬೇಡವೇ ಬೇಡ. ಅಪಸ್ಮಾರ ಇರುವವರು ಔಷಧಿ ತಪ್ಪಿಸಬಾರದು, ಒಂಟಿಯಾಗಿ ಈಜಬಾರದು.

ಇನ್ನೊಂದು ಮಾತು. ನೀರಿನಲ್ಲಿ ಪ್ರಜ್ಞೆ ತಪ್ಪುವುದಕ್ಕೆಲ್ಲ ಉಸಿರೇ ಕಾರಣ ಎಂದುಕೊಳ್ಳಬೇಡಿ. ಲಾಂಗ್ ಕ್ಯೂಟಿ ಸಿಂಡ್ರೋಮ್ ಎಂಬ ಆನುವಂಶಿಕ ಹೃದಯದೋಷವಿದೆ. ಅದರ ಒಂದು ಬಗೆಯಲ್ಲಿ ಈಜುವಾಗಲೇ ಹೃದಯದ ಲಯ ಕೆಡುತ್ತದೆ. ಒಂದು ಇಸಿಜಿಯಲ್ಲಿ ಇದರ ಸುಳಿವು ಸಿಗಬಹುದು. ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಹಠಾತ್ ಸಾವು, ಈಜು ಬಲ್ಲವರು ಕಾರಣವಿಲ್ಲದೆ ಮುಳುಗಿ ಹೋದದ್ದು ಇದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ಇಂಥವರಿಗೆ ಅಜಿಥ್ರೋಮೈಸಿನ್, ಡೊಂಪೆರಿಡೋನ್, ಒಂಡಾನ್ಸೆಟ್ರಾನ್, ಫ್ಲುಕೊನಜೋಲ್‌ನಂಥ ದಿನಬಳಕೆಯ ಔಷಧಿಗಳೂ ಅಪಾಯ ಹೆಚ್ಚಿಸಬಲ್ಲವು. ಇದು ಅಲ್ವಾರೆಜ್ ಅವರ ಬಗ್ಗೆ ಹೇಳುತ್ತಿರುವ ಮಾತಲ್ಲ. ಆ ದಿನ ವೈದ್ಯರು ಅವರ ಹೃದಯ ಬಡಿತ, ಆಕ್ಸಿಜನ್, ಸಕ್ಕರೆ, ರಕ್ತದೊತ್ತಡ ನೋಡಿ ಎಲ್ಲವೂ ಸರಿಯಿದೆ ಎಂದಿದ್ದಾಗಿ ಕೋಚ್ ತಿಳಿಸಿದ್ದರು. ಹೇಳಬೇಕಾದದ್ದು ಇಷ್ಟೆ: ನೀರಿನಲ್ಲಿ ಒಮ್ಮೆ ಪ್ರಜ್ಞೆ ತಪ್ಪಿದ ಮಗುವನ್ನು "ಏನೋ ಸುಸ್ತಾಗಿತ್ತು" ಎಂದು ಮತ್ತೆ ನೀರಿಗೆ ಬಿಡುವ ಮೊದಲು ಪರೀಕ್ಷೆ ಆಗಬೇಕು.

ದಂಡೆಯ ಮೇಲಿದ್ದ ಕಣ್ಣುಗಳು

ಬುಡಾಪೆಸ್ಟ್‌ಗೆ ಮರಳೋಣ. ಕೊಳದ ಬಳಿ ಜೀವರಕ್ಷಕರು ಇದ್ದರು. ಆದರೂ ಮೊದಲು ಹಾರಿದ್ದು ಕೋಚ್. ರಕ್ಷಕರು ಹಾರದ್ದನ್ನು ನೋಡಿ ತಾನೇ ಹಾರಿದೆ ಎಂದು ಫುಯೆಂಟೆಸ್ ಹೇಳಿದರು. ಸ್ಪರ್ಧೆಯ ನಡುವೆ ನೀರಿಗಿಳಿಯಲು ತಮಗೆ ಕಟ್ಟುನಿಟ್ಟಾದ ನಿಯಮಗಳಿವೆ ಎಂಬುದು ವೈದ್ಯಕೀಯ ವ್ಯವಸ್ಥೆ ನೋಡಿಕೊಂಡಿದ್ದವರ ವಿವರಣೆ. ತಪ್ಪು ಯಾರದ್ದೆಂದು ತೀರ್ಮಾನಿಸುವುದು ಇಲ್ಲಿನ ಕೆಲಸವಲ್ಲ. ಆದರೆ ನಮಗೆ ಬೇಕಾದ ಪಾಠ ಅಲ್ಲಿದೆ. ಫುಯೆಂಟೆಸ್‌ಗೆ ಆ ಪ್ರದರ್ಶನದ ಪ್ರತಿ ಎಣಿಕೆಯೂ ಗೊತ್ತಿತ್ತು. ಯಾವ ಕ್ಷಣಕ್ಕೆ ತಲೆ ಮೇಲೆ ಬರಬೇಕು ಎಂಬುದು ಗೊತ್ತಿತ್ತು. ಬರಲಿಲ್ಲ ಎಂಬುದನ್ನು ಅವರು ಬೇಗ ಕಂಡರು. ಮೌನವಾಗಿ ಮುಳುಗುವವರನ್ನು ಉಳಿಸಬಲ್ಲವರು, ಅವರಲ್ಲೇ ಕಣ್ಣು ನೆಟ್ಟವರು ಮಾತ್ರ.

ಎರಡು ದಿನದ ನಂತರ ನಡೆದ ತಂಡದ ಫೈನಲ್‌ನಲ್ಲಿ ಅಲ್ವಾರೆಜ್ ಅವರಿಗೆ ಆಡಲು ಅವಕಾಶ ಸಿಗಲಿಲ್ಲ. ಅಂತರರಾಷ್ಟ್ರೀಯ ಸಂಸ್ಥೆಯೇ ತಡೆಯಿತು. ಆಡಬೇಕೆಂಬ ಆಸೆ ಇದ್ದವರಿಗೆ ಅದು ಬೇಸರದ ಸಂಗತಿಯೇ. ಆದರೆ ದೇಹದ ಗಂಟೆ ಮೆಲ್ಲಗಾದವರ ಪರವಾಗಿ ಬೇರೆ ಯಾರಾದರೂ "ಇವತ್ತು ಬೇಡ" ಎನ್ನಬೇಕಾಗುತ್ತದೆ.

ಅಲ್ವಾರೆಜ್ ಕ್ರೀಡೆ ಬಿಡಲಿಲ್ಲ. ಚೇತರಿಸಿಕೊಂಡು ಮರಳಿದರು. 2024ರ ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ಅಮೆರಿಕದ ಪೂರ್ಣ ತಂಡ 16 ವರ್ಷಗಳ ನಂತರ ಹೋಯಿತು. ಆ ತಂಡದಲ್ಲಿ ಒಲಿಂಪಿಕ್ಸ್ ಅನುಭವವಿದ್ದ ಹಿರಿಯರು ಅವರೇ. ಚೀನಾ ಚಿನ್ನ ಗೆದ್ದಿತು, ಅಮೆರಿಕ ಬೆಳ್ಳಿ, ಸ್ಪೇನ್ ಕಂಚು. 2004ರ ನಂತರ ಅಮೆರಿಕಕ್ಕೆ ಈ ಕ್ರೀಡೆಯಲ್ಲಿ ಬಂದ ಮೊದಲ ಒಲಿಂಪಿಕ್ ಪದಕ ಅದು. ದಂಡೆಯಲ್ಲಿ ನಿಂತಿದ್ದ ಕೋಚ್ ಫುಯೆಂಟೆಸ್.

ಈ ಗೆಲುವನ್ನು "ಧೈರ್ಯ ಇದ್ದರೆ ಸಾಕು" ಎಂಬ ಕಥೆಯಾಗಿ ಓದಬೇಡಿ. ಎರಡು ಸಲ ಅವರು ಬದುಕಿದ್ದು ಇನ್ನೊಬ್ಬರು ನೋಡುತ್ತಿದ್ದರು, ಕೂಡಲೇ ಹಾರಿದರು ಎಂಬ ಕಾರಣಕ್ಕೆ.

ನಿಮ್ಮ ಮನೆಯ ಬಳಿಯ ಕೊಳಕ್ಕೆ ಹೋಗುವ ಮುನ್ನ

ಮುಂಬೈ, ಪುಣೆ, ಹೈದರಾಬಾದ್, ಚೆನ್ನೈ ಎಲ್ಲೇ ಇರಲಿ, ಅಪಾರ್ಟ್‌ಮೆಂಟ್‌ಗಳಲ್ಲಿ ಈಜುಕೊಳ ಈಗ ಸಾಮಾನ್ಯ. ಬೇಸಿಗೆ ರಜೆಯಲ್ಲಿ ಮಕ್ಕಳು ಇಡೀ ಸಂಜೆ ಅಲ್ಲೇ ಇರುತ್ತಾರೆ. ಈ ಕೆಲವು ನಿಯಮಗಳನ್ನು ಮನೆಯಲ್ಲಿ ಮಾತನಾಡಿ:

- ಉಸಿರು ಹಿಡಿಯುವ ಪಂದ್ಯ ಬೇಡ. ನೀರಿನೊಳಗೆ ಎಷ್ಟು ದೂರ ಹೋಗಬಲ್ಲೆ ಎಂಬ ಪಂದ್ಯವೂ ಬೇಡ.
- ಮುಳುಗುವ ಮೊದಲು ಬೇಗ ಬೇಗ ಜೋರಾಗಿ ಉಸಿರಾಡಬಾರದು. ಒಂದು ಸಹಜ ಉಸಿರು ಸಾಕು.
- ಉಸಿರು ಬೇಕೆನ್ನಿಸಿದ ಕೂಡಲೇ ಮೇಲೆ ಬರಬೇಕು. ಆ ಒದ್ದಾಟ ಹೇಡಿತನವಲ್ಲ, ರಕ್ಷಣೆ.
- ಒಬ್ಬರೇ ಈಜಬಾರದು. ದಂಡೆಯಲ್ಲಿರುವ ದೊಡ್ಡವರ ಕಣ್ಣು ಮೊಬೈಲ್ ಮೇಲಲ್ಲ, ನೀರಿನ ಮೇಲಿರಬೇಕು. ನಾಲ್ಕು ಜನ ಅಪ್ಪ ಅಮ್ಮಂದಿರಿದ್ದರೆ, ಅರ್ಧ ಗಂಟೆಗೊಬ್ಬರಂತೆ ನೋಡುವ ಹೊಣೆ ಹಂಚಿಕೊಳ್ಳಿ. ಎಲ್ಲರೂ ಇದ್ದಾರೆಂದರೆ ಯಾರೂ ನೋಡುತ್ತಿಲ್ಲ ಎಂದೇ ಆಗುತ್ತದೆ.
- ನೀರಿನೊಳಗೆ ಅಲುಗಾಡದೆ ಇರುವವರನ್ನು ಕಂಡರೆ "ಆಟ ಆಡ್ತಿರಬೇಕು" ಎಂದು ಕಾಯಬೇಡಿ. ಕೂಡಲೇ ಮೇಲೆತ್ತಿ.

ಮೇಲೆ ತಂದ ಮೇಲೆ ಏನು ಮಾಡಬೇಕು? ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗು ಮಾಡುವುದು, ಗಿರಗಿರ ತಿರುಗಿಸುವುದು ಇವು ನಮ್ಮ ಕಡೆ ಈಗಲೂ ನಡೆಯುತ್ತವೆ. ಇವುಗಳಿಂದ ಪ್ರಯೋಜನವಿಲ್ಲ, ಅಮೂಲ್ಯ ಸಮಯ ಹೋಗುತ್ತದೆ, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುವ ಅಪಾಯವೂ ಇದೆ.

ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಕೂಗಿ ಸಹಾಯ ಕರೆಯಿರಿ, ಒಬ್ಬರಿಗೆ 112ಕ್ಕೆ ಫೋನ್ ಮಾಡಲು ಹೇಳಿ. ಪ್ರಜ್ಞೆ ಇಲ್ಲದೆ, ಸರಿಯಾಗಿ ಉಸಿರಾಡದೆ ಇದ್ದರೆ ತಕ್ಷಣ ಸಿಪಿಆರ್ ಶುರುಮಾಡಿ. ಹೃದಯಾಘಾತದಲ್ಲಿ ಎದೆ ಒತ್ತುವುದೊಂದೇ ಸಾಕು ಎಂದು ನೀವು ಕೇಳಿರಬಹುದು. ನೀರಿನಲ್ಲಿ ಮುಳುಗಿದವರ ವಿಷಯದಲ್ಲಿ ಹಾಗಲ್ಲ. ಇಲ್ಲಿ ಮೂಲ ಕೊರತೆ ಆಕ್ಸಿಜನ್. ಹಾಗಾಗಿ ತರಬೇತಿ ಇರುವವರು ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಬಳಿಕ ಎದೆಯ ಮಧ್ಯಭಾಗವನ್ನು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಬೇಕು. 30 ಸಲ ಒತ್ತಿ ಎರಡು ಉಸಿರು, ಹೀಗೆ ಮುಂದುವರಿಸಬೇಕು. ಉಸಿರು ಕೊಡಲು ಬಾರದಿದ್ದರೆ ಎದೆ ಒತ್ತುವುದನ್ನಾದರೂ ನಿಲ್ಲಿಸಬೇಡಿ.

ಮಗು ಕಣ್ಣುಬಿಟ್ಟು ಮಾತನಾಡಿದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ಮುಂದಿನ ಕೆಲವು ಗಂಟೆಗಳಲ್ಲಿ ಉಸಿರಾಟ ಕೆಡಬಹುದು. ಕೆಮ್ಮು, ಏದುಸಿರು, ವಿಪರೀತ ನಿದ್ದೆ, ತುಟಿ ನೀಲಿಯಾಗುವುದು ಇವುಗಳ ಮೇಲೆ ಗಮನವಿರಲಿ.

ಸಿಪಿಆರ್ ಓದಿ ಕಲಿಯುವ ವಿದ್ಯೆಯಲ್ಲ. ನಿಮ್ಮ ಸೊಸೈಟಿಯ ಮುಂದಿನ ಸಭೆಯಲ್ಲಿ, ಕೊಳದ ನಿರ್ವಹಣೆಯ ಲೆಕ್ಕ ಬಂದಾಗ, ಒಂದು ತರಬೇತಿ ಏರ್ಪಡಿಸಿ ಎಂದು ಕೇಳಿ. ಅರ್ಧ ದಿನದ ಕೆಲಸ. ಮಕ್ಕಳು ನೀರಿನಲ್ಲಿ ಆಡಲಿ, ಚೆನ್ನಾಗಿ ಈಜಲಿ, ಇಷ್ಟವಿದ್ದರೆ ಸಂಗೀತಕ್ಕೆ ತಕ್ಕಂತೆ ತೇಲಲಿ. ಅವರು ಮುಳುಗಿದಾಗಲೆಲ್ಲ ಮತ್ತೆ ತಲೆ ಮೇಲೆ ಬಂತೇ ಎಂದು ನೋಡುವ ಒಬ್ಬರು ದಂಡೆಯಲ್ಲಿರಲಿ.